ತಂಬಿಗೆಯ ಸಾ

ನಮ್ಮ ಮನೆಗೆ ಫೋನೋ ಪೆಟ್ಟಿಗೆ ಬಂದಾಗ ನನಗೆ ಇಪ್ಪತ್ತೆರಡು ವರ್ಷ. ಬಾಗಲಕೋಟೆಯಲ್ಲಿ ಆಗ ಅಂಥ ಪೆಟ್ಟಿಗೆ ಇದ್ದ ಮನೆಗಳನ್ನು ಬೆರಳ ಮೇಲೆ ಎಣಿಸಬಹುದಿತ್ತು. ಹಿತ್ತಾಳೆಯ ದೊಡ್ಡ ತುತ್ತೂರಿ, ಪಕ್ಕದಲ್ಲಿ ಚಾವಿ ಕೊಡುವ ಹಿಡಿಕೆ, ಮೇಲೆ ತಿರುಗುವ ಗಾಲಿ. ಗಾಲಿಯ ಮೇಲೆ ಅರಗಿನ ಕರಿ ಪ್ಲೇಟು ಇಟ್ಟು ಸೂಜಿ ಬಿಟ್ಟರೆ ಯಾವುದೋ ದೂರದ ಊರಿನ ಗಾಯಕಿ ನಮ್ಮ ಪಡಸಾಲೆಯಲ್ಲಿ ಮೂರು ನಿಮಿಷ ಹಾಡುತ್ತಿದ್ದಳು. ಪ್ಲೇಟಿನ ಒಂದು ಮಗ್ಗುಲಿಗೆ ಮಾತ್ರ ಹಾಡು, ಇನ್ನೊಂದು ಮಗ್ಗುಲು ನುಣ್ಣಗೆ. ಹಾಡು ಮುಗಿದ ಕೂಡಲೇ ಆಕೆ ತನ್ನ ಹೆಸರನ್ನು ಗಟ್ಟಿಯಾಗಿ ಕೂಗಿ ಹೇಳುತ್ತಿದ್ದಳು. ಆಗಿನ ಪ್ಲೇಟುಗಳಲ್ಲಿ ಅದು ರೂಢಿ. ಪಡಸಾಲೆಯಲ್ಲಿ ಕೂತ ಗಂಡಸರು ಅದಕ್ಕೆ ನಗುತ್ತಿದ್ದರು. ಒಳಗೆ ಕೂತ ನನಗೆ ನಗು ಬರುತ್ತಿರಲಿಲ್ಲ, ಹೊಟ್ಟೆಕಿಚ್ಚು ಬರುತ್ತಿತ್ತು. ಹೆಂಗಸೊಬ್ಬಳು ಅಷ್ಟು ಜನರ ಮುಂದೆ ತನ್ನ ಹೆಸರು ತಾನೇ ಹೇಳಿಕೊಳ್ಳುತ್ತಾಳೆ, ನಾನು ನನ್ನ ಗಂಡನ ಹೆಸರನ್ನೂ ಬಾಯಿಬಿಟ್ಟು ಹೇಳುವಂತಿಲ್ಲ. ಮದುವೆ ಮುಂಜಿಗಳಲ್ಲಿ ಒಡಪು ಕಟ್ಟಿ, ಪ್ರಾಸದ ನಡುವೆ ಹೆಸರು ಸಿಕ್ಕಿಸಿ ಹೇಳುವುದು ಬೇರೆ. ಬರೀ ಹೆಸರೊಂದನ್ನೇ ಹೇಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಹಾಗಾಗಿ ಇಲ್ಲಿಯೂ 'ಅವರು' ಎಂದೇ ಬರೆಯುತ್ತೇನೆ.

ಅವರು ಕೋರ್ಟಿನಲ್ಲಿ ಕಾರಕೂನರು. ಹಗಲೆಲ್ಲ ಬರೆದೂ ಬರೆದೂ ಬೆರಳು ಮಸಿ ಮಾಡಿಕೊಂಡು ಬಂದು, ಕೈ ತೊಳೆಯುವ ಮೊದಲೇ ಯಾವುದಾದರೊಂದು ರಾಗ ಗುನುಗುತ್ತಿದ್ದರು. ಪೇಟೆಯಲ್ಲಿ ಒಬ್ಬ ಮುಸಲ್ಮಾನ ಹಿರಿಯರ ಅಂಗಡಿ ಇತ್ತು. ಆ ಹಿರಿಯರು ಗಡಿಯಾರ ರಿಪೇರಿ ಮಾಡುತ್ತಿದ್ದರು, ಅತ್ತರು ಮಾರುತ್ತಿದ್ದರು, ಜೊತೆಗೆ ಪ್ಲೇಟುಗಳನ್ನೂ ತರಿಸುತ್ತಿದ್ದರು. ನನ್ನ ಗಂಡನಿಗೂ ಅವರಿಗೂ ಒಂದು ಒಪ್ಪಂದ. ಒಂದೇ ರಾಗದ ಎರಡು ಮೂರು ಪ್ಲೇಟುಗಳನ್ನು ಒಟ್ಟಿಗೆ ಮನೆಗೆ ಒಯ್ಯುವುದು, ಕೇಳಿ ಹೋಲಿಸಿ ಒಂದನ್ನು ಇಟ್ಟುಕೊಳ್ಳುವುದು, ಉಳಿದವನ್ನು ಗೀರು ಬೀಳದಂತೆ ತಿರುಗಿ ಒಪ್ಪಿಸುವುದು. ಪ್ಲೇಟು ಸುತ್ತುವುದಕ್ಕೆ ನನ್ನ ಹಳೆಯ ಇಳಕಲ್ ಸೀರೆಯೊಂದನ್ನು ಹರಿದು ಚೌಕ ಮಾಡಿ ಕೊಟ್ಟಿದ್ದೆ. ನನ್ನ ತವರು ಇಳಕಲ್. ಸೀರೆ ಹರಿದದ್ದು ತಾಯಿಗೆ ಗೊತ್ತಾಗಿ, ಅರಗಿನ ಬಿಲ್ಲೆಗೆ ಸೀರೆ ಉಡಿಸುವ ಅಳಿಯನನ್ನು ತಾನು ಕಂಡಿಲ್ಲ ಎಂದು ವರ್ಷವಿಡೀ ಆಡಿಕೊಂಡಳು.

ಹೋಲಿಸುವುದಕ್ಕೆ ಅವರದೇ ಒಂದು ರೀತಿ ಇತ್ತು. ಒಬ್ಬೊಬ್ಬ ಗಾಯಕಿಯ ಸಾ, ಎಂದರೆ ಹಾಡಿಗೆ ಬುನಾದಿಯಾದ ಸ್ವರ, ಒಂದೊಂದು ಎತ್ತರದಲ್ಲಿರುತ್ತದೆ. ಒಬ್ಬಳದು ಮೇಲೆ, ಒಬ್ಬಳದು ಕೆಳಗೆ. ಹಾಗೆಯೇ ಕೇಳಿದರೆ ಎತ್ತರದವಳೇ ಚೆನ್ನಾಗಿ ಹಾಡಿದಂತೆ ತೋರಿ ಕಿವಿ ಮೋಸ ಹೋಗುತ್ತದೆ, ಮೊದಲು ಎಲ್ಲರನ್ನೂ ಒಂದೇ ಸಾ ಮೇಲೆ ನಿಲ್ಲಿಸಬೇಕು, ಆಮೇಲೆ ತೂಗಬೇಕು ಎನ್ನುತ್ತಿದ್ದರು. ಪೆಟ್ಟಿಗೆಯ ಮೂಲೆಯಲ್ಲಿ ಒಂದು ಸಣ್ಣ ತಿರುಪು ಇತ್ತು. ಅದನ್ನು ಅತ್ತ ತಿರುವಿದರೆ ಗಾಲಿ ಜೋರಾಗಿ ಸ್ವರ ಏರುತ್ತಿತ್ತು, ಇತ್ತ ತಿರುವಿದರೆ ಗಾಲಿ ನಿಧಾನವಾಗಿ ಸ್ವರ ಇಳಿಯುತ್ತಿತ್ತು. ಅವರು ಪ್ರತಿ ಪ್ಲೇಟಿಗೂ ತಿರುಪನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ, ಆ ಗಾಯಕಿಯನ್ನು ತಮ್ಮ ಸಾ ಮೇಲೆ ತಂದು ಕೂಡಿಸುತ್ತಿದ್ದರು. ಆಮೇಲೆ ತಾವೂ ಸಣ್ಣಗೆ ದನಿಗೂಡಿಸುತ್ತಿದ್ದರು. ಅಂಗಡಿಯ ಹಿರಿಯರಿಗೆ ಇದು ಸೇರುತ್ತಿರಲಿಲ್ಲ. ಹಾಡಿದವರ ದನಿಯನ್ನೇ ತಿರುಚಿ ತೂಗುವುದು ಯಾವ ನ್ಯಾಯ ಎಂದು ಕೇಳುತ್ತಿದ್ದರಂತೆ.

ನನ್ನ ಗಂಡನ ಸಾ ಇದ್ದದ್ದು ಒಂದು ಕಂಚಿನ ತಂಬಿಗೆಯಲ್ಲಿ. ಮನೆಯಲ್ಲಿ ತಂಬೂರಿ ಇರಲಿಲ್ಲ. ಮಾವನವರು ಹುನಗುಂದದ ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು, ಸಂಗೀತವೆಂದರೆ ಮಗ ಕೆಡುವ ದಾರಿ ಎಂದು ನಂಬಿದವರು. ಫೋನೋ ಬಂದದ್ದೂ ಅದು ವಾದ್ಯವಲ್ಲ, ಯಂತ್ರ ಎಂಬ ವಾದದ ಮೇಲೆ. ಮಾವನವರು ಅದನ್ನು 'ತಗಡಿನ ಬಾಯಿ' ಎನ್ನುತ್ತಿದ್ದರು, ಅದು ಬಾಯಿ ತೆರೆದ ಕೂಡಲೇ ಎದ್ದು ಗುಡಿಗೆ ಹೋಗುತ್ತಿದ್ದರು. ತಂಬಿಗೆಯಾದರೋ ನೀರು ಕುಡಿಯುವ ಸಾಮಾನು, ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ನಾನು ಅದಕ್ಕೆ ಕೊರಳಿಗಿಂತ ಎರಡು ಬೆರಳು ಕಡಿಮೆ ನೀರು ತುಂಬಿ ಇಡುತ್ತಿದ್ದೆ. ಅವರು ಬೆಳ್ಳಿ ಉಂಗುರದ ಬೆರಳಿನಿಂದ ಅಂಚಿನ ಕೆಳಗೆ ಒಂದು ಪೆಟ್ಟು ಕೊಟ್ಟರೆ ಅದು ಅವರ ಸಾ ಕೊಡುತ್ತಿತ್ತು. ನೀರು ಹೆಚ್ಚಾದರೆ ಸ್ವರ ಇಳಿಯುತ್ತಿತ್ತು, ಕಡಿಮೆಯಾದರೆ ಏರುತ್ತಿತ್ತು. ಆ ಎರಡು ಬೆರಳಿನ ಲೆಕ್ಕ ನನ್ನೊಬ್ಬಳಿಗೇ ಗೊತ್ತಿತ್ತು.

ಇನ್ನೊಂದು ಸಂಗತಿ ನಮ್ಮಿಬ್ಬರಿಗೇ ಗೊತ್ತಿತ್ತು. ಆರಿಸುತ್ತಿದ್ದವಳು ನಾನು. ಶನಿವಾರ ಮಧ್ಯಾಹ್ನ ಅವರ ಮೂರು ನಾಲ್ಕು ಗೆಳೆಯರು ಬಂದು ಕೂರುತ್ತಿದ್ದರು. ಪ್ಲೇಟುಗಳು ಸಾಲಾಗಿ ಒಂದೊಂದು ಸಲ ಆಗುತ್ತಿದ್ದವು. ನಾನು ಅಡುಗೆಮನೆಯ ಬಾಗಿಲಿನ ಒಳಗೆ ಕೂತು ಕೇಳುತ್ತಿದ್ದೆ. ಕೊನೆಗೆ ಎಲೆ ಅಡಿಕೆಯ ತಟ್ಟೆ ಹೊರಗೆ ಕಳಿಸುವಾಗ, ಎಲೆಗಳ ಪಕ್ಕದಲ್ಲಿ ಅಡಿಕೆ ಹೋಳುಗಳನ್ನು ಬೇರೆಯಾಗಿ ಇಡುತ್ತಿದ್ದೆ. ಮೊದಲನೆಯ ಪ್ಲೇಟಾದರೆ ಒಂದು ಹೋಳು, ಎರಡನೆಯದಾದರೆ ಎರಡು. ಅವರು ಆ ಹೋಳುಗಳನ್ನು ನೋಡಿ, ಸ್ವಲ್ಪ ಯೋಚಿಸಿದಂತೆ ಮಾಡಿ, ಇಂಥದ್ದನ್ನು ಇಟ್ಟುಕೊಳ್ಳುತ್ತೇನೆ ಎನ್ನುತ್ತಿದ್ದರು. ಗೆಳೆಯರು ತಲೆದೂಗುತ್ತಿದ್ದರು. ಮೊದಮೊದಲು ಇದು ನನಗೆ ಆಟ. ಆಮೇಲಾಮೇಲೆ ನನ್ನ ಜಂಬ. ಊರಿನ ಗಂಡಸರು ಯಾವುದನ್ನು ಒಳ್ಳೆಯ ಪ್ಲೇಟು ಅನ್ನಬೇಕೆಂಬುದನ್ನು ನಾನು ಒಗ್ಗರಣೆಯ ಹೊಗೆಯಲ್ಲಿ ಕೂತು ತೀರ್ಮಾನ ಮಾಡುತ್ತಿದ್ದೆ.

ಕೊನೆಯ ಶನಿವಾರ ಮೂರು ಭೈರವಿ ಬಂದಿದ್ದವು, ಮೂವರು ಬೇರೆ ಬೇರೆ ಹೆಂಗಸರು ಹಾಡಿದ್ದು. ತಂಬಿಗೆ ಬಡಿದು, ತಿರುಪು ತಿರುವಿ, ಒಂದೊಂದನ್ನೇ ಅವರು ಹಚ್ಚಿದರು. ಮೂರೂ ಮುಗಿಯುವ ಹೊತ್ತಿಗೆ ನನಗೆ ಯಾವುದೆಂದು ಗೊತ್ತಾಗಿಬಿಟ್ಟಿತ್ತು. ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಗೊತ್ತಾಗಿರಲಿಲ್ಲ. ಅಡಿಕೆ ಹೋಳು ಕೈಯಲ್ಲಿ ಹಿಡಿದಿದ್ದೆ. ಅಷ್ಟರಲ್ಲಿ ಹೊರಗೆ ಗೆಳೆಯರೊಬ್ಬರು ಅವರ ಕಿವಿಯನ್ನು ಹೊಗಳಿದರು. ಈ ಭಾಗದಲ್ಲೇ ಇಂಥ ಕಿವಿ ಇಲ್ಲ ಎಂದರು. ಅವರು ನಕ್ಕು, ಅದು ದೇವರು ಕೊಟ್ಟದ್ದು ಎಂದರು.

ನನಗೆ ಮೈ ಉರಿಯಿತು. ಕೈಯಲ್ಲಿದ್ದ ಹೋಳುಗಳನ್ನು ಡಬ್ಬಿಗೆ ಹಾಕಿ, ತಟ್ಟೆಯಲ್ಲಿ ಅಡಿಕೆಯ ಗುಡ್ಡೆಯನ್ನೇ ಸುರಿದು ಕಳಿಸಿದೆ. ಎಣಿಸಲಿ ನೋಡೋಣ. ಗೆಳೆಯರು ಹೋದ ಮೇಲೆ ಅವರು ಬಾಗಿಲಿಗೆ ಬಂದು ಚೌಕಟ್ಟಿಗೆ ಒರಗಿ ನಿಂತರು.

"ಯಾವ್ದು?" ಎಂದರು.

"ದೇವರು ಕೊಟ್ಟ ಕಿವಿ ಅದ ಅಲ್ರಿ," ಎಂದೆ. "ಅದನ್ನ ಕೇಳ್ರಿ."

ಅವರು ನಕ್ಕರು. ನಾನು ನಗಲಿಲ್ಲ. ಇನ್ನೆರಡು ದಿನ ಕಾಯಿಸಿ ಹೇಳಬೇಕೆಂದು ನನ್ನ ಲೆಕ್ಕ. ಸೋಮವಾರ ಅವರಿಗೆ ಜ್ವರ ಬಂತು. ಮಂಗಳವಾರದಿಂದ ಮಾತು ತಪ್ಪಿತು. ಶುಕ್ರವಾರ ಬೆಳಿಗ್ಗೆ ಹೋದರು.

ಮಗನ ಕರ್ಮಗಳನ್ನು ಅಪ್ಪನೇ ಮಾಡಿದರು. ನಮಗೆ ಮಕ್ಕಳಿರಲಿಲ್ಲ, ಅವರಿಗೆ ತಮ್ಮಂದಿರಿರಲಿಲ್ಲ. ನನ್ನ ತಲೆ ಬೋಳಿಸಿ ಕೆಂಪು ಸೀರೆ ಕೊಟ್ಟರು. ಅದನ್ನು ಯಾರಿಗೋ ಮಾಡುತ್ತಿರುವುದನ್ನು ನೋಡಿದಂತೆ ನೋಡಿದೆ. ಹೋದವರಿಗೆ ಆ ಕಡೆ ಬೇಕಾಗುತ್ತದೆಂದು ಅವರು ಬಳಸಿದ ಸಾಮಾನುಗಳನ್ನು ದಾನ ಕೊಡುವ ದಿನ ಬಂತು. ಆ ದಾನ ಹಿಡಿಯುವವರು ಎಲ್ಲ ಊರಿನಲ್ಲಿ ಇರುವುದಿಲ್ಲ. ಬಾದಾಮಿಯಿಂದ ಒಬ್ಬ ಆಚಾರ್ಯರು ಗಾಡಿಗೆ ಬಂದಿದ್ದರು. ಹಾಸಿಗೆ, ಕೊಡೆ, ಚಪ್ಪಲಿ ಕೊಟ್ಟರು. ಕೊನೆಗೆ ನೀರು ತುಂಬಿದ ತಂಬಿಗೆ. ಮಗ ದಿನಾ ಕುಡಿಯುತ್ತಿದ್ದದ್ದೇ ಆಗಬೇಕು ಎಂದು ಮಾವನವರು ಆ ಕಂಚಿನ ತಂಬಿಗೆಯನ್ನೇ ಕೊಟ್ಟರು. ನೀರು ಚೆಲ್ಲಿ ಚೀಲಕ್ಕೆ ಹಾಕುವಾಗ ಅದು ಯಾವುದಕ್ಕೋ ತಾಗಿ ಠಣ್ ಎಂದದ್ದು ಒಳಗೆ ನನಗೆ ಕೇಳಿಸಿತು. ಹೋಗುತ್ತಿರುವುದು ಏನೆಂದು ಆಗ ತಿಳಿಯಲಿಲ್ಲ.

ಆಮೇಲಿನ ಒಂದು ವರ್ಷವನ್ನು ದುಃಖ ಎಂದು ಕರೆಯಲಾರೆ. ದುಃಖ ಇದ್ದಿದ್ದರೆ ಅತ್ತಿರುತ್ತಿದ್ದೆ. ಇಳಕಲ್ಲಿನಿಂದ ತಾಯಿ ಬಂದು ನನ್ನ ಮುಂದೆ ಕೂತು ಅತ್ತಳು, ನಾನು ಅವಳಿಗೆ ಮುಖ ತೊಳೆಯಲು ನೀರು ಕೊಟ್ಟೆ. ಒಂದು ದಿನ ಬಿಸಿ ಹಂಚಿಗೆ ಕೈ ತಾಗಿ ಗುಳ್ಳೆ ಎದ್ದಿದ್ದನ್ನು ಮರುದಿನ ಮಾವನವರು ನೋಡಿ ಹೇಳಿದ ಮೇಲೆ ನೋಡಿಕೊಂಡೆ. ಸಾರಿಗೆ ಉಪ್ಪು ಮರೆತರೆ ಅವರು ಹಾಗೆಯೇ ಉಣ್ಣುತ್ತಿದ್ದರು, ಎರಡು ಸಲ ಹಾಕಿದರೂ ಹಾಗೆಯೇ ಉಣ್ಣುತ್ತಿದ್ದರು. ಅವರೂ ನನ್ನ ಹಾಗೆಯೇ ಆಗಿದ್ದರು. ಎಲೆ ಅಡಿಕೆ ಬಿಟ್ಟಿದ್ದರು, ಆದರೆ ಖಾಲಿ ಚಂಚಿ ಮಾತ್ರ ಸೊಂಟದಲ್ಲಿ ಇರುತ್ತಿತ್ತು. ಇಬ್ಬರೂ ಮಾತಿಲ್ಲದೆ ದಿನ ನೂಕಿದೆವು. ಫೋನೋ ಪೆಟ್ಟಿಗೆ ಪಡಸಾಲೆಯ ಮೂಲೆಯಲ್ಲಿ ಇದ್ದಲ್ಲೇ ಇತ್ತು, ಪಕ್ಕದಲ್ಲಿ ಮೂರು ಭೈರವಿ ನನ್ನ ಸೀರೆಯ ಚೌಕಗಳಲ್ಲಿ. ಧೂಳು ಒರೆಸುವಾಗ ಆ ತಿರುಪನ್ನು ಬಿಟ್ಟು ಸುತ್ತಲೂ ಒರೆಸುತ್ತಿದ್ದೆ. ಅದು ಅವರು ಕೊನೆಯ ಸಲ ತಿರುವಿ ಬಿಟ್ಟಲ್ಲೇ ನಿಂತಿತ್ತು.

ವರ್ಷಾಂತಿಕ ಮುಗಿದ ಮೇಲೆ ಅಂಗಡಿಯ ಹಿರಿಯರು ಬಂದರು. ವರ್ಷವಿಡೀ ಅವರು ಪ್ಲೇಟಿನ ಮಾತು ಎತ್ತಿರಲಿಲ್ಲ. ಆ ದಿನವೂ ಎಷ್ಟೋ ಹೊತ್ತು ಮಳೆಯ ಮಾತು, ಹೊಳೆಯ ಮಾತು ಆಡಿದರು. ಆಮೇಲೆ, ಬೇಕಾದದ್ದು ಒಂದು ಇಟ್ಟುಕೊಂಡು ಉಳಿದದ್ದು ಕೊಟ್ಟರೆ ಸಾಕು, ಅವಸರವಿಲ್ಲ ಎಂದರು. ಮಾವನವರು ಮೂರನ್ನೂ ಒಯ್ಯಿರಿ ಎಂದರು. ಹಿರಿಯರು ಹೇಳಿದರು:

"ಹಂಗ ಬ್ಯಾಡ್ರಿ. ಒಳಗಿನವ್ರನ್ನ ಒಂದು ಮಾತು ಕೇಳ್ರಿ. ಆರಿಸೋ ಕಿವಿ ನಂದಲ್ಲ, ನಮ್ಮ ಮನಿಯಾಕಿದು ಅಂತ ನಿಮ್ಮ ಮಗ ನನ್ನ ಮುಂದ ಭಾಳ ಸಲ ಹೇಳ್ಯಾರ."

ನಾನು ಬಾಗಿಲಿನ ಒಳಗಿದ್ದೆ. ಆ ಮಾತು ಕೇಳಿದಾಗ ನನಗೆ ಏನಾದರೂ ಆಗಬೇಕಿತ್ತು. ಇದು ಕೇಳಿದರೆ ಎದೆ ಒಡೆಯಬೇಕು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಒಡೆಯಲಿಲ್ಲ. ಅಂಗೈ ನೋಡುತ್ತ ಕೂತೆ.

ಪ್ಲೇಟು ಸರಿ ಇವೆಯೇ ನೋಡಲೆಂದು ಹಿರಿಯರು ಪೆಟ್ಟಿಗೆಗೆ ಚಾವಿ ಕೊಟ್ಟರು. ಮೇಲಿನ ಪ್ಲೇಟು ಹಚ್ಚಿ, ಅಂಚಿಗೆ ಒಂದು ಕಾಗದದ ಚೂರು ಸಿಕ್ಕಿಸಿ, ಜೇಬಿನ ಗಡಿಯಾರ ಹಿಡಿದು ಸುತ್ತು ಎಣಿಸಿದರು. ಗಾಲಿ ತಪ್ಪು ಓಡುತ್ತಿದೆ ಎಂದರು. ಗಡಿಯಾರ ರಿಪೇರಿ ಮಾಡುವ ಕೈ, ತಪ್ಪು ಕಂಡರೆ ಸುಮ್ಮನಿರುವುದಿಲ್ಲ. ಬಾಗಿಲ ಸಂದಿಯಿಂದ ನಾನು ಆ ಕೈ ತಿರುಪಿನ ಕಡೆ ಹೋಗುವುದನ್ನು ಕಂಡೆ. 'ಬ್ಯಾಡ್ರಿ' ಎಂಬ ಮಾತು ಗಂಟಲಿಗೆ ಬಂತು. ಪರಪುರುಷರ ಮುಂದೆ ಮಾತಾಡಿ ರೂಢಿಯಿಲ್ಲದ ಗಂಟಲು, ಅಲ್ಲಿಯೇ ನಿಂತಿತು. ಅವರು ತಿರುಪನ್ನು ಎರಡು ಮೂರು ಸಲ ತಿರುವಿ, ಲೆಕ್ಕಕ್ಕೆ ಸರಿ ಮಾಡಿ, ಮೂರೂ ಭೈರವಿಗಳನ್ನು ಹಚ್ಚಿದರು. ನಾನು ಕಿವಿಗೊಟ್ಟು ಕೇಳಿದೆ. ಮೂರೂ ಒಂದೇ ಆಗಿ ಕೇಳಿದವು. ಅಂದು ಅಷ್ಟು ಸ್ಪಷ್ಟವಾಗಿ ಗೊತ್ತಾದದ್ದು ಇವುಗಳಲ್ಲಿ ಯಾವುದು ಎಂಬುದೇ ತಿಳಿಯಲಿಲ್ಲ. ಅಂದು ಎಷ್ಟು ಹೋಳು ಕೈಯಲ್ಲಿ ಹಿಡಿದಿದ್ದೆ ಎಂಬುದೂ ನೆನಪಿಗೆ ಬರಲಿಲ್ಲ. ಮೂವರೂ ಹಾಡಿದರು, ತಮ್ಮ ತಮ್ಮ ಹೆಸರು ಹೇಳಿದರು, ಸುಮ್ಮನಾದರು. ಹಿರಿಯರು ಮುಂದಿನ ವಾರ ಬರುತ್ತೇನೆಂದು ಎದ್ದುಹೋದರು.

ಮಾವನವರು ಬಾಗಿಲ ಹತ್ತಿರ ಬಂದು, ನೆಲ ನೋಡುತ್ತ, ಯಾವುದು ಇರಲಿ ಎಂದು ಕೇಳಿದರು. ನನಗೆ ತಿಳಿಯಲೊಲ್ಲದು ಎಂದೆ. ಅವರು ಹೋಗಲಿಲ್ಲ. ಅವರು ಹೋಗದೆ ನಿಂತದ್ದರಿಂದಲೇ ನಾನು ಹೇಳಿದ್ದು. ತಿರುಪು ಈಗ ಅದರ ಜಾಗದಲ್ಲಿಲ್ಲ, ಸಾ ತಪ್ಪಿದೆ, ಸಾ ಸಿಕ್ಕದೆ ಆರಿಸಲಾಗದು. ಯಾವ ಸಾ ಎಂದು ಕೇಳಿದರು. ಅದು ತಂಬಿಗೆಯಲ್ಲಿತ್ತು ಎಂದೆ. ಯಾವ ತಂಬಿಗೆ ಎಂದು ಕೇಳಬೇಕಾದವರು ಕೇಳಲಿಲ್ಲ. ಕೊರಳಿಗೆ ಎರಡು ಬೆರಳು ಕಡಿಮೆ ನೀರು, ಉಂಗುರದ ಪೆಟ್ಟು, ಎಲ್ಲವನ್ನೂ ಹೇಳಿದೆ. ಮದುವೆಯಾಗಿ ಬಂದ ಮೇಲೆ ಅವರೊಂದಿಗೆ ನಾನು ಒಟ್ಟಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು.

"ಅದನ್ನ ನಾ ಕೊಟ್ಟುಬಿಟ್ಟೆ," ಎಂದರು ಮಾವನವರು.

ಮರುದಿನ ಊಟಕ್ಕೆ ಕೂತಾಗ, ನಾಳೆ ಬನಶಂಕರಿಯ ದರ್ಶನಕ್ಕೆ ಹೋಗೋಣ ಎಂದರು. ಬನಶಂಕರಿ ಇರುವುದು ಬಾದಾಮಿಯ ಮಗ್ಗುಲಲ್ಲಿ. ಓಣಿಯವರಿಗೆ ಹೇಳಲು ಅದು ಸಾಕಿತ್ತು, ನಮಗೂ ಅದಕ್ಕಿಂತ ಹೆಚ್ಚು ಮಾತು ಬೇಕಾಗಿರಲಿಲ್ಲ.

ಬೆಳಗಿನ ಗಾಡಿಗೆ ಹೋದೆವು. ಸ್ಟೇಷನ್ನಿನಿಂದ ಊರಿಗೆ ಟಾಂಗಾ ಹಿಡಿದೆವು. ಆಚಾರ್ಯರ ಮನೆ ಕೆರೆಯ ಹತ್ತಿರ, ಕೆಂಪು ಬಂಡೆಯ ನೆರಳು ಬೀಳುವ ಓಣಿಯಲ್ಲಿತ್ತು. ಅವರು ನಮ್ಮನ್ನು ಕಂಡು ಗಾಬರಿಯಾದರು. ಕರ್ಮದಲ್ಲಿ ಏನಾದರೂ ಲೋಪವಾಯಿತೇ ಎಂದು ಕೇಳಿದರು. ಮಾವನವರು, ಕೊಟ್ಟ ತಂಬಿಗೆಯನ್ನು ಒಂದು ಸಲ ನೋಡಬೇಕಿತ್ತು ಎಂದರು. ಆಚಾರ್ಯರು ಯಾಕೆಂದು ಕೇಳದೆ ನಮ್ಮನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಗೋಡೆಯ ಉದ್ದಕ್ಕೂ ಹಲಗೆ. ಹಲಗೆಯ ಮೇಲೆ ಬೋರಲು ಹಾಕಿದ ತಂಬಿಗೆಗಳು, ಸಾಲಿಗೆ ಸಾಲು. ಕಂಚಿನವು, ತಾಮ್ರದವು, ಹಿತ್ತಾಳೆಯವು. ಸುತ್ತಲಿನ ನಾಲ್ಕು ತಾಲೂಕುಗಳ ಸತ್ತವರ ತಂಬಿಗೆಗಳು. ಎಲ್ಲ ಇಲ್ಲಿ ಬರುತ್ತವೆ, ಒಂದೊಂದನ್ನು ನೆನಪಿಡಲು ಆಗುವುದಿಲ್ಲ ಎಂದು ಆಚಾರ್ಯರು ಸಂಕೋಚದಿಂದ ಹೇಳಿದರು.

ನಾನು ಕೂತೆ. ಆಚಾರ್ಯರ ಹೆಂಡತಿ ಒಂದು ಕೊಡ ನೀರು ತಂದಿಟ್ಟರು. ಮಾವನವರು ಸೊಂಟದ ಚಂಚಿ ಬಿಚ್ಚಿ, ಅದರೊಳಗಿಂದ ಬೆಳ್ಳಿ ಉಂಗುರ ತೆಗೆದು ಬೆರಳಿಗೆ ಹಾಕಿಕೊಂಡರು. ಅದು ಅವರ ಮಗನದೇ ಉಂಗುರ. ತರಲು ನಾನು ಹೇಳಿರಲಿಲ್ಲ. ಖಾಲಿ ಚಂಚಿಯಲ್ಲಿ ವರ್ಷವಿಡೀ ಏನಿತ್ತೆಂದು ಆಗ ಗೊತ್ತಾಯಿತು.

ಕಂಚಿನವನ್ನು ಮಾತ್ರ ಇಳಿಸಿದೆವು. ನಾನು ಕೊರಳಿಗೆ ಎರಡು ಬೆರಳು ಕಡಿಮೆ ನೀರು ತುಂಬುವುದು, ಅವರು ಉಂಗುರದಿಂದ ಬಡಿಯುವುದು, ನಾನು ಅಲ್ಲ ಎಂದು ತಲೆಯಾಡಿಸುವುದು. ಆ ನೀರನ್ನು ಮುಂದಿನದಕ್ಕೆ ಸುರಿಯುವುದು. ನಡುವೆ ನನಗೆ ಹೆದರಿಕೆ ಹತ್ತಿತು. ವರ್ಷವಾದ ಮೇಲೆ ಆ ಸಾ ನನ್ನ ನೆನಪಿನಲ್ಲಿ ಇರಲಿಲ್ಲ. ಬಾ ಎಂದು ಎಷ್ಟು ಸಲ ಕರೆದರೂ ಬಂದಿರಲಿಲ್ಲ. ಅದೇ ಎದುರಿಗೆ ಬಂದರೂ ಪ್ಲೇಟುಗಳ ಹಾಗೆ ಗುರುತು ಸಿಗದೆ ದಾಟಿಹೋದರೆ ಏನು ಮಾಡುವುದು? ಹನ್ನೊಂದನೆಯದೋ ಹನ್ನೆರಡನೆಯದೋ ತಂಬಿಗೆಗೆ ಪೆಟ್ಟು ಬಿತ್ತು. ನನ್ನ ತಲೆ ಅಲ್ಲಾಡಲಿಲ್ಲ. ಮಾವನವರು ಇನ್ನೊಮ್ಮೆ ಬಡಿದರು. ಮನೆಯಲ್ಲಿ ಯಾರೋ ಬಂದು ಕೂತ ಹಾಗೆ ಇತ್ತು. ಮಾವನವರು ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಅಂಚಿನ ಕೆಳಗೆ ಒಂದೇ ಜಾಗದಲ್ಲಿ ಸಾಸಿವೆಯಷ್ಟು ಸಾಸಿವೆಯಷ್ಟು ತಗ್ಗುಗಳು, ಉಂಗುರದವು.

ಆಚಾರ್ಯರು ಒಳ್ಳೆಯವರು. ಇದನ್ನೇ ಒಯ್ಯಿರಿ, ಬೇಕಾದರೆ ಬದಲಿಗೆ ಬೇರೊಂದು ತಂಬಿಗೆ ಕೊಡಿರಿ ಎಂದರು. ನಾನು ಮಾವನವರ ಮುಖ ನೋಡಿದೆ. ಒಯ್ಯೋಣ ಎನ್ನಲಿ ಎಂದು ನನ್ನ ಆಸೆ. ಅವರು ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತರು.

"ಬ್ಯಾಡ್ರಿ," ಎಂದರು. "ಅದು ಅವಗ ಮುಟ್ಟ್ಯದ. ಕುಡಿಯೋ ನೀರು ಕೈಯಾಗಿಂದ ಕಸಗೊಂಡ್ಹಂಗ ಆಗ್ತದ."

ತಂಬಿಗೆಯನ್ನು ಅವರೇ ಹಲಗೆಯ ಮೇಲೆ ಬೋರಲು ಹಾಕಿದರು. ಹೊರಡುವ ಮುಂಚೆ ಕೊನೆಯ ಸಲ ಬಡಿದದ್ದನ್ನು ನಾನು ಬಾಯಿ ಮುಚ್ಚಿ ಮೂಗಿನಲ್ಲಿ ಹಿಡಿದುಕೊಂಡಿದ್ದೆ. ಸೆರಗು ಮುಂದೆ ಎಳೆದುಕೊಂಡು, ಉಸಿರು ಬಿಡುವಾಗಲೆಲ್ಲ ಆ ಸಾ ಗುನುಗುತ್ತ, ಉಸಿರು ಎಳೆಯುವಾಗ ಬೀಳದಂತೆ ಕಾಯುತ್ತ ಟಾಂಗಾ ಹತ್ತಿದೆ. ಬನಶಂಕರಿಗೆ ಹೋಗಲಿಲ್ಲ. ಗಾಡಿ ಬಂತು, ಹತ್ತಿದೆವು. ಡಬ್ಬಿಯಲ್ಲಿ ಜನ ತುಂಬಿದ್ದರು. ಕೆಂಪು ಸೀರೆಯ ಬೋಳು ತಲೆಯ ಹೆಂಗಸು ಗುನುಗುತ್ತಾಳೆಂದು ಎದುರಿಗೆ ಕೂತ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಇವಳಿಗೆ ತಲೆ ಕೆಟ್ಟಿದೆ ಎಂಬ ನೋಟ. ನನ್ನ ದನಿ ಅಳುಕಿತು, ಸಾ ಜಾರುವಂತಾಯಿತು. ಮಾವನವರು ನನ್ನ ಕಡೆ ಬಾಗಿದರು.

"ನೀ ಸುಮ್ನಿರು ತಂಗಿ. ನಾ ಹಿಡೀತೇನಿ."

ಅವರು ಹಿಡಿದರು. ಜನ್ಮದಲ್ಲಿ ಒಂದು ಸಾಲು ಹಾಡದವರು, ಹಾಡುವ ಮಗನ ಬಾಯಿ ಮುಚ್ಚಿಸಿದವರು, ಕಣ್ಣು ಮುಚ್ಚಿ ಕೂತು ಬಾಗಲಕೋಟೆಯವರೆಗೆ ಒಂದೇ ಸ್ವರ ಹಿಡಿದರು. ಗಾಡಿಯ ಗದ್ದಲದಲ್ಲಿ ಅದು ಬಿಡಲಿಲ್ಲ, ಸ್ಟೇಷನ್ನುಗಳ ಕೂಗಾಟದಲ್ಲಿಯೂ ಬಿಡಲಿಲ್ಲ. ಎಲ್ಲಿಯಾದರೂ ಎಳೆಯಷ್ಟು ಇಳಿದರೆ ನಾನು ಬೆರಳು ಎತ್ತುತ್ತಿದ್ದೆ, ಅವರು ಏರಿಸುತ್ತಿದ್ದರು. ಯಾರೋ ದೊಡ್ಡ ಜಪದವರೆಂದು ತಿಳಿದು ಒಬ್ಬ ರೈತ ಅವರ ಕಾಲು ಮುಟ್ಟಿ ಎರಡು ಬಾಳೆಹಣ್ಣು ಇಟ್ಟು ಇಳಿದುಹೋದ. ಬೇರೆ ಕಾಲದಲ್ಲಾಗಿದ್ದರೆ ನಗುತ್ತಿದ್ದೆ. ಆಗ ನನಗೆ ಹೊಳೆದದ್ದು ಒಂದೇ. ಮಗನ ದನಿಗೂ ಅಪ್ಪನ ದನಿಗೂ ಎಷ್ಟು ಹೋಲಿಕೆ ಇತ್ತೆಂದು ಈ ಮನೆಯಲ್ಲಿ ಯಾರಿಗೂ ತಿಳಿಯುವ ಸಂದರ್ಭವೇ ಬಂದಿರಲಿಲ್ಲ.

ಮನೆಗೆ ಬಂದು ಮಾವನವರು ಕಾಲು ಕೂಡ ತೊಳೆಯದೆ ಪೆಟ್ಟಿಗೆಯ ಮುಂದೆ ಕೂತರು. ನಾನು ಮೊದಲ ಸಲ ಪಡಸಾಲೆಯಲ್ಲಿ ಕೂತು ಚಾವಿ ಕೊಟ್ಟೆ, ಹೊಸ ಸೂಜಿ ಹಾಕಿದೆ, ಮೊದಲನೆಯ ಪ್ಲೇಟು ಇಟ್ಟೆ. ಅವರು ಸಾ ಹಿಡಿದಿದ್ದರು. ನಾನು ತಿರುಪನ್ನು ತಿರುವುತ್ತ ಹೋದೆ. ಹಾಡುವವಳು ನಿಧಾನವಾಗಿ ಇಳಿದು ಮಾವನವರ ಸಾ ಮೇಲೆ ಬಂದು ಕೂತಳು.

ಮೊದಲು ನನಗೆ ಬಂದದ್ದು ಸಿಟ್ಟು. ಏನು ಅವಸರ ಇವಳಿಗೆ ಎಂದು. ಮೂರು ನಿಮಿಷ ಸಿಕ್ಕಿದೆಯೆಂದು ಮೂರು ಹೊತ್ತಿನ ಊಟ ಒಮ್ಮೆಲೇ ಬಡಿಸುವವಳ ಹಾಗೆ, ಒಂದು ಸ್ವರವನ್ನೂ ಬಾಯಲ್ಲಿ ಕರಗಲು ಬಿಡದೆ ಓಡುತ್ತಾಳೆ. ಒಂದು ವರ್ಷ ಯಾವುದರ ಮೇಲೂ ಸಿಟ್ಟು ಬಾರದವಳಿಗೆ ಅಷ್ಟು ಸಿಟ್ಟು ಎಲ್ಲಿಂದ ಬಂತೋ. ಎರಡನೆಯದನ್ನು ತಂದು ಕೂಡಿಸಿದೆ. ಇವಳದು ತಪ್ಪಿಲ್ಲದ ಹಾಡು. ತಪ್ಪಿಲ್ಲದ್ದು ಬಿಟ್ಟು ಬೇರೇನೂ ಇಲ್ಲ. ಮೂರನೆಯದಕ್ಕೆ ತಿರುಪು ಬಹಳ ತಿರುವಬೇಕಾಯಿತು. ಮಾವನವರ ದನಿ ಒಡೆಯತೊಡಗಿತ್ತು, ಆದರೂ ಬಿಡಲಿಲ್ಲ. ಅವಳು ಸಾ ಹತ್ತಿರಕ್ಕೆ ಬಂದು, ಒಂದೇ ಮೆಟ್ಟಿಲು ಮೇಲೆ ನಿಂತು, ಇಳಿಯಲು ತಡ ಮಾಡಿದಳು. ಹೊಸ್ತಿಲಲ್ಲಿ ನಿಂತವರು ಒಳಗೆ ಬರಲೋ ಬೇಡವೋ ಎನ್ನುವ ಹಾಗೆ. ಅಂದು ಆ ಶನಿವಾರ ನನ್ನ ಗಂಡ ಈ ಜಾಗದಲ್ಲಿ ತಮ್ಮ ಗುನುಗು ನಿಲ್ಲಿಸಿ ಅವಳಿಗಾಗಿ ಕಾದಿದ್ದರು. ನಾನು ಒಳಗೆ ಮೂರು ಹೋಳು ಕೈಗೆ ತೆಗೆದುಕೊಂಡದ್ದು ಆ ಮೌನದಲ್ಲಿ.

ಹಾಡು ಮುಗಿಯಿತು. ಮಾವನವರು ಸಾ ಬಿಟ್ಟು, ಉಗುಳು ನುಂಗಿ ಕೇಳಿದರು:

"ಯಾವ್ದು?"

ಅಂದು ಮಗ ಕೇಳಿದ್ದೂ ಹೀಗೆಯೇ. ಅದೇ ಮಾತು, ಅದೇ ಎತ್ತರ. ಎದ್ದು ಒಳಗೆ ಹೋಗಿ ವರ್ಷದಿಂದ ಮುಟ್ಟದ ತಟ್ಟೆ ತಂದು, ಡಬ್ಬಿಯಿಂದ ಅಡಿಕೆ ಹೋಳು ತೆಗೆದು ಒಂದೊಂದಾಗಿ ಮೂರು ಇಟ್ಟು, ಅವರ ಮುಂದೆ ಸರಿಸಿದೆ. ಇದರ ಅರ್ಥ ಅವರಿಗೆ ಹೇಳಿಕೊಡಬೇಕಾಗಲಿಲ್ಲ. ಹೋಳುಗಳನ್ನು ಬೆರಳಿನಿಂದ ಎಣಿಸಿದರು.

"ಅವಗ ಇದು ಗೊತ್ತಿತ್ತೇನು?" ಎಂದರು.

"ಇಲ್ರಿ," ಎಂದೆ. "ಅವರು ಕೇಳಿದ್ರು. ನಾ ಸಿಟ್ಟಿಲೆ ಹೇಳ್ಲಿಲ್ಲ."

ಒಂದು ವರ್ಷ ಯಾರ ಮುಂದೆಯೂ ಆಡದ ಮಾತು ಅದು. ಬೈಯುತ್ತಾರೆ ಎಂದುಕೊಂಡೆ, ಬೈದರೆ ಚೆನ್ನಾಗಿತ್ತು ಕೂಡ. ಮಾವನವರು ಒಂದು ಹೋಳು ಬಾಯಿಗೆ ಹಾಕಿಕೊಂಡರು. ತಗಡಿನ ಬಾಯಿಯನ್ನು ಎಂದೂ ಮುಟ್ಟದ ಕೈಯಿಂದ ತಾವೇ ಚಾವಿ ಕೊಟ್ಟು, ಸೂಜಿ ಬದಲಿಸಿ, ಮೂರನೆಯ ಪ್ಲೇಟನ್ನು ಮೊದಲಿನಿಂದ ಹಚ್ಚಿದರು. ಆ ಜಾಗ ಬಂತು. ಅವಳು ಮೆಟ್ಟಿಲ ಮೇಲೆ ನಿಂತಳು, ತಡ ಮಾಡಿದಳು, ಇಳಿದಳು. ಹಾಡು ಮುಗಿದು, ಎಂದಿನಂತೆ ತನ್ನ ಹೆಸರನ್ನು ಗಟ್ಟಿಯಾಗಿ ಕೂಗಿ ಹೇಳಿದಳು.

ಅವಳ ಬೆನ್ನಿಗೇ ನಾನು ನನ್ನ ಗಂಡನ ಹೆಸರು ಹೇಳಿದೆ. ಒಡಪು ಇರಲಿಲ್ಲ, ಬರೀ ಹೆಸರು. ಹೇಳಿದ ಮೇಲೆ ಅಳು ಬಂತು. ಮಾವನವರು ಎದ್ದು ಗುಡಿಗೆ ಹೋಗಲಿಲ್ಲ, ಅಲ್ಲಿಯೇ ಕೂತಿದ್ದರು.